ಈ ಪತ್ರಿಕೆ ಯಾರ ಕಡೆಯದು?

‘ಪೇಪರಿನಲ್ಲಿ ಬಂದಿದೆ’ ಎಂಬ ಮಾತು ಒಂದು ಕಾಲಕ್ಕೆ ನಮ್ಮ ಬಿಳಿಕೆರೆಯಲ್ಲಿ ಎಲ್ಲ ವಾದಗಳನ್ನೂ ಮುಗಿಸಿಬಿಡುತ್ತಿತ್ತು. ಮೈಸೂರು-ಹುಣಸೂರು ಹೆದ್ದಾರಿಯಿಂದ ಕೃಷ್ಣರಾಜನಗರದ ಕಡೆಗೆ ರಸ್ತೆ ಕವಲೊಡೆಯುವ ಈ ಊರಿನ ಟೀ ಅಂಗಡಿಗಳ ಮುಂದೆ ಬೆಳಗಿನ ಹೊತ್ತು ಒಬ್ಬ ಓದಬಲ್ಲವನು ಗಟ್ಟಿಯಾಗಿ ಓದುತ್ತಿದ್ದ, ಹತ್ತು ಜನ ಕೇಳುತ್ತಿದ್ದರು. ಅಚ್ಚಾದ ಅಕ್ಷರದ ಮೇಲೆ ಅನುಮಾನ ಪಡುವುದು ಶಾಲೆಯ ಮೇಷ್ಟರ ಮೇಲೆ ಅನುಮಾನ ಪಟ್ಟಷ್ಟೇ ಅಪರೂಪವಾಗಿತ್ತು. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿ ಊರೂರು ತಿರುಗಿ, ನಿವೃತ್ತನಾಗಿ ಮರಳಿ ಬಂದು ಅದೇ ಬೆಂಚಿನ ಮೇಲೆ ಕುಳಿತಾಗ ಕಂಡ ಬದಲಾವಣೆಗಳಲ್ಲಿ ಇದೂ ಒಂದು. ಈಗ ಯಾರಾದರೂ ‘ಪೇಪರಿನಲ್ಲಿ ಬಂದಿದೆ’ ಎಂದರೆ ‘ಯಾವ ಪೇಪರಿನಲ್ಲಿ?’ ಎಂಬ ಮರುಪ್ರಶ್ನೆ ಬರುತ್ತದೆ. ಹೊಗೆಸೊಪ್ಪು ಬೆಳೆಯುವ ಹಿರಿಯ ರೈತರೊಬ್ಬರು ಕಳೆದ ಹರಾಜಿನ ಹಂಗಾಮಿನಲ್ಲಿ ನನ್ನ ಕೈಯಲ್ಲಿದ್ದ ಪತ್ರಿಕೆಯನ್ನು ನೋಡಿ ಇನ್ನೂ ನೇರವಾಗಿ ಕೇಳಿದರು: ‘ಈ ಪೇಪರ್‌ನೋರು ಯಾರ ಕಡೆಯೋರು ಸಾ?’

ನಾನು ಥಟ್ಟನೆ ಉತ್ತರಿಸಲಾಗದೆ ‘ಎಲ್ಲರ ಕಡೆಯವರೂ ಹೌದು’ ಎಂದು ತೇಲಿಸಿಬಿಟ್ಟೆ. ಅವರು ನಕ್ಕು ಸುಮ್ಮನಾದರು. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನು ಕೊಡಬೇಕಾದ ಉತ್ತರ ಅದಲ್ಲವೆಂದು ಅಂದೇ ಅನ್ನಿಸಿತ್ತು. ಪತ್ರಿಕೆಯ ಮಾಲೀಕತ್ವಕ್ಕೂ ಸಾರ್ವಜನಿಕ ಅಭಿಪ್ರಾಯಕ್ಕೂ ಇರುವ ಸಂಬಂಧವೇನು, ಆ ಪ್ರಭಾವ ಎಷ್ಟು ದೂರ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕನ್ನಡದ ಅನುಭವದಿಂದಲೇ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಪ್ರಶ್ನೆಯನ್ನು ಎತ್ತಿದ ಕೂಡಲೇ ಅಮೆರಿಕದ ಉದಾಹರಣೆ ಮುಂದೆ ಬರುವುದು ಸಹಜ. ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಗಣಿಗಾರಿಕೆಯಲ್ಲಿ ಅಪಾರ ಸಂಪತ್ತು ಗಳಿಸಿದ ತಂದೆಯ ಮಗ. ತಂದೆ ಸೆನೆಟ್ ಸದಸ್ಯರೂ ಆಗಿದ್ದರು. ಮಗ 1895ರಲ್ಲಿ ‘ನ್ಯೂಯಾರ್ಕ್ ಜರ್ನಲ್’ ಪತ್ರಿಕೆಯನ್ನು ಕೊಂಡು ಒಂದು ಸೆಂಟಿಗೆ ಮಾರತೊಡಗಿದರು. ಪ್ರತಿಸ್ಪರ್ಧಿ ಜೋಸೆಫ್ ಪುಲಿಟ್ಜರ್ ಅವರೂ ಮರುವರ್ಷ ತಮ್ಮ ‘ವರ್ಲ್ಡ್’ ಪತ್ರಿಕೆಯ ಬೆಲೆಯನ್ನು ಎರಡು ಸೆಂಟಿನಿಂದ ಒಂದಕ್ಕೆ ಇಳಿಸಬೇಕಾಯಿತು. 1898ರ ಫೆಬ್ರುವರಿ 15ರಂದು ಹವಾನಾ ಬಂದರಿನಲ್ಲಿ ‘ಮೇನ್’ ಎಂಬ ಅಮೆರಿಕದ ಯುದ್ಧನೌಕೆ ಸ್ಫೋಟಗೊಂಡು 260ಕ್ಕೂ ಹೆಚ್ಚು ನಾವಿಕರು ಸತ್ತಾಗ, ತನಿಖೆಗೆ ಮೊದಲೇ ‘ಜರ್ನಲ್’ ಅದನ್ನು ಶತ್ರುವಿನ ಕೃತ್ಯವೆಂದು ಸಾರಿತು. ಅಪರಾಧಿಗಳನ್ನು ಹಿಡಿದುಕೊಟ್ಟವರಿಗೆ 50 ಸಾವಿರ ಡಾಲರ್ ಬಹುಮಾನ ಘೋಷಿಸಿತು. ಏಪ್ರಿಲ್‌ನಲ್ಲಿ ಸ್ಪೇನ್ ವಿರುದ್ಧ ಯುದ್ಧವೇ ಆರಂಭವಾಯಿತು. ಸ್ಫೋಟಕ್ಕೆ ಹಡಗಿನ ಒಳಗಿನ ಕಾರಣವೇ ಹೆಚ್ಚು ಸಂಭವನೀಯ ಎಂದು ಅಮೆರಿಕದ ನೌಕಾಪಡೆಯ ಅಧಿಕಾರಿ ರಿಕೋವರ್ ಅವರ ಅಧ್ಯಯನ 1976ರಲ್ಲಿ ಹೇಳಿತು. ಆ ಹೊತ್ತಿಗೆ ಎಪ್ಪತ್ತೆಂಟು ವರ್ಷ ಕಳೆದಿತ್ತು.

ಯುದ್ಧವನ್ನು ಹರ್ಸ್ಟ್ ಒಬ್ಬರೇ ಮಾಡಿಸಿದರೆಂದು ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ. ಅವರ ಪ್ರಭಾವಕ್ಕೆ ಮಿತಿಯಿತ್ತೆಂಬುದಕ್ಕೆ ಅವರ ಜೀವನವೇ ಸಾಕ್ಷಿ. ಅವರು 1906ರಲ್ಲಿ ನ್ಯೂಯಾರ್ಕ್ ರಾಜ್ಯಪಾಲ ಹುದ್ದೆಗೆ ಸ್ಪರ್ಧಿಸಿ ಸೋತರು. 1936ರ ಅಧ್ಯಕ್ಷೀಯ ಚುನಾವಣೆಯಲ್ಲಿ ಹರ್ಸ್ಟ್ ಪತ್ರಿಕೆಗಳೂ ಸೇರಿದಂತೆ ದೊಡ್ಡ ಪತ್ರಿಕೆಗಳಲ್ಲಿ ಬಹುಪಾಲು ರೂಸ್‌ವೆಲ್ಟ್ ಅವರನ್ನು ವಿರೋಧಿಸಿದವು. ಜನ 48 ರಾಜ್ಯಗಳ ಪೈಕಿ 46ರಲ್ಲಿ ಅವರನ್ನೇ ಗೆಲ್ಲಿಸಿದರು. ಹಾಗಾದರೆ ಮಾಲೀಕರ ಪ್ರಭಾವ ಕೇವಲ ಭ್ರಮೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ನ್ಯೂಯಾರ್ಕಿನವರೆಗೆ ಹೋಗಬೇಕಾಗಿಲ್ಲ.

ಕನ್ನಡ ಪತ್ರಿಕೆಯ ಇತಿಹಾಸ ಆರಂಭವಾಗುವುದೇ ಮಾಲೀಕತ್ವದ ಪ್ರಶ್ನೆಯಿಂದ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದಾಗ ಅದರ ಹಿಂದೆ ಇದ್ದದ್ದು ಬಾಸೆಲ್ ಮಿಷನ್. ಆ ದಿನವನ್ನೇ ನಾವು ಇಂದಿಗೂ ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ಮಿಷನ್ನಿಗೆ ತನ್ನದೇ ಉದ್ದೇಶವಿತ್ತು. ಆದರೆ ಓದುಗನಿಗೆ ದಕ್ಕಿದ್ದು ಲೋಕಜ್ಞಾನ. ಉದ್ದೇಶವುಳ್ಳ ಮಾಲೀಕನಿಂದಲೂ ಸಮಾಜಕ್ಕೆ ಉಪಕಾರವಾಗಬಹುದೆಂಬ ಮೊದಲ ಪಾಠ ಅದು.

ಎರಡನೆಯ ಪಾಠ ನಮ್ಮ ಮೈಸೂರಿನದೇ. ತಾತಯ್ಯನೆಂದೇ ಜನ ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪತ್ರಿಕೆಗಳನ್ನು ಲಾಭಕ್ಕಾಗಿ ನಡೆಸಿದವರಲ್ಲ. ದಿವಾನ್ ವಿ.ಪಿ. ಮಾಧವರಾವ್ ಅವರ ಕಾಲದಲ್ಲಿ, 1908ರಲ್ಲಿ, ಮೈಸೂರು ಸಂಸ್ಥಾನ ವೃತ್ತಪತ್ರಿಕೆಗಳ ನಿಯಂತ್ರಣಕ್ಕೆ ಕಾನೂನು ತಂದಾಗ ಅವರು ಪ್ರತಿಭಟನೆಯಾಗಿ ಪ್ರಕಟಣೆಯನ್ನೇ ನಿಲ್ಲಿಸಿದರು. ಪತ್ರಿಕೆಗಳು ಯಾರದೋ ಹಿತಾಸಕ್ತಿಯ ಕೈಗೊಂಬೆಯಾಗಿವೆ ಎಂದು ದೂರುತ್ತ ಅವುಗಳ ಮೇಲೆ ಸರ್ಕಾರದ ಹಿಡಿತ ಬಿಗಿಯಾಗಲಿ ಎನ್ನುವವರು ಈ ಘಟನೆಯನ್ನು ನೆನೆಯಬೇಕು. ಅದನ್ನು ಮರೆತಿದ್ದರೆ 1975ರ ತುರ್ತುಪರಿಸ್ಥಿತಿಯನ್ನಾದರೂ ನೆನೆಯಬೇಕು. ಧನಬಲದ ಒಡೆಯನಿಂದ ಬಿಡಿಸಿ ಅಧಿಕಾರಬಲದ ಒಡೆಯನ ಕೈಗೆ ಪತ್ರಿಕೆಯನ್ನು ಒಪ್ಪಿಸುವುದು ಪರಿಹಾರವಾಗಲಾರದು.

ಸ್ವಾತಂತ್ರ್ಯದ ನಂತರ ಕನ್ನಡ ಪತ್ರಿಕೋದ್ಯಮಕ್ಕೆ ಬಂಡವಾಳ ಬಂದ ಬಗೆ ಕುತೂಹಲಕರ. ಅಬಕಾರಿ ವ್ಯವಹಾರದಲ್ಲಿ ಹಣ ಗಳಿಸಿದ್ದ ಕೆ.ಎನ್. ಗುರುಸ್ವಾಮಿಯವರು 1948ರ ಜೂನ್‌ನಲ್ಲಿ ‘ಡೆಕ್ಕನ್ ಹೆರಾಲ್ಡ್’, ಅಕ್ಟೋಬರ್‌ನಲ್ಲಿ ‘ಪ್ರಜಾವಾಣಿ’ ಆರಂಭಿಸಿದರು. ರಾಮನಾಥ ಗೋಯೆಂಕಾ ಅವರ ಎಕ್ಸ್‌ಪ್ರೆಸ್ ಸಮೂಹ 1967ರಲ್ಲಿ ‘ಕನ್ನಡಪ್ರಭ’ವನ್ನು ತಂದಿತು. ಮಣಿಪಾಲದ ಪೈ ಕುಟುಂಬ 1970ರ ಜನವರಿ 1ರಂದು ‘ಉದಯವಾಣಿ’ಯನ್ನು ಹೊರಡಿಸಿತು. ಮದ್ಯದ ಗುತ್ತಿಗೆಯ ಹಣದಿಂದ ಹುಟ್ಟಿದ ಪತ್ರಿಕೆ ನಾಡಿನ ವೈಚಾರಿಕ ಬದುಕಿಗೆ ಅಂಗಳವಾಯಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಬಂಡವಾಳದ ಮೂಲವೊಂದೇ ಪತ್ರಿಕೆಯ ಗುಣವನ್ನು ನಿರ್ಧರಿಸುವುದಿಲ್ಲ. ಮಾಲೀಕನು ಸಂಪಾದಕನ ಕೋಣೆಯ ಬಾಗಿಲನ್ನು ಎಷ್ಟು ಬಾರಿ ತಟ್ಟುತ್ತಾನೆ ಎಂಬುದು ಅದನ್ನು ನಿರ್ಧರಿಸುತ್ತದೆ.

ಬೇರೆ ದಾರಿಗಳನ್ನು ನಾವು ಪ್ರಯತ್ನಿಸಲಿಲ್ಲವೆಂದಲ್ಲ. ಉತ್ತರ ಕರ್ನಾಟಕದಲ್ಲಿ ‘ಸಂಯುಕ್ತ ಕರ್ನಾಟಕ’ವನ್ನು ಲೋಕಶಿಕ್ಷಣ ಟ್ರಸ್ಟ್ ನಡೆಸಿತು. ಹೆಸರೇ ಹೇಳುವಂತೆ ಪತ್ರಿಕೆಯೂ ಜನರಿಗೆ ಶಿಕ್ಷಣ ಕೊಡುವ ಸಾಧನ ಎಂಬ ನಂಬಿಕೆ ಅದರ ಹಿಂದಿತ್ತು. ಆದಾಯ ತೆರಿಗೆಯ ವಿನಾಯಿತಿ ಕೋರಿ ಆ ಟ್ರಸ್ಟ್ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಪತ್ರಿಕೆ ನಡೆಸುವುದು ಕಾನೂನಿನ ಅರ್ಥದಲ್ಲಿ ಶಿಕ್ಷಣವಾಗದು, ಅದು ಲಾಭ ತರುವ ಚಟುವಟಿಕೆ ಎಂದು ನ್ಯಾಯಾಲಯ 1975ರಲ್ಲಿ ತೀರ್ಪಿತ್ತಿತು. ತೆರಿಗೆ ಕಾನೂನಿನ ದೃಷ್ಟಿಯಿಂದ ಆ ತೀರ್ಪನ್ನು ಒಪ್ಪಬಹುದು. ಆದರೆ ಸೇವೆಯ ಹಂಬಲವುಳ್ಳ ಪತ್ರಿಕೆಗೂ ವ್ಯಾಪಾರದ ಪತ್ರಿಕೆಗೂ ನಮ್ಮ ವ್ಯವಸ್ಥೆ ಒಂದೇ ತಕ್ಕಡಿಯನ್ನು ಹಿಡಿಯಿತೆಂಬುದು ಗಮನಾರ್ಹ. ಮುಂದೆ ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಓದುಗರಿಂದಲೇ ಷೇರು ಹಣ ಸಂಗ್ರಹಿಸಿ ಮಂಗಳೂರಿನಲ್ಲಿ ‘ಮುಂಗಾರು’ ದಿನಪತ್ರಿಕೆಯನ್ನು ಕಟ್ಟಿದರು. ಓದುಗನೇ ಒಡೆಯನಾಗುವ ಆ ಕನಸು ಹಣಕಾಸಿನ ಬಿಕ್ಕಟ್ಟಿನಲ್ಲಿ ಸೊರಗಿತು. ಪಿ. ಲಂಕೇಶ್ ಅವರು 1980ರಲ್ಲಿ ಆರಂಭಿಸಿದ ವಾರಪತ್ರಿಕೆ ಜಾಹೀರಾತನ್ನೇ ಬೇಡವೆಂದು ಓದುಗರ ಕಾಸಿನಿಂದ ನಡೆಯಿತು. ಆದರೆ ವಾರಕ್ಕೊಮ್ಮೆ ಕೆಲವು ಪುಟಗಳನ್ನು ಹಾಗೆ ನಡೆಸುವುದಕ್ಕೂ ದಿನಪತ್ರಿಕೆಯನ್ನು ನಡೆಸುವುದಕ್ಕೂ ವೆಚ್ಚದಲ್ಲಿ ಅಜಗಜಾಂತರವಿದೆ. ಧಾರವಾಡದಲ್ಲಿ 1972ರಲ್ಲಿ ಆರಂಭವಾಗಿ ಮೈಸೂರಿನಲ್ಲಿ ನೆಲೆ ನಿಂತ ರಾಜಶೇಖರ ಕೋಟಿಯವರ ‘ಆಂದೋಲನ’ ನಮ್ಮ ಭಾಗದ ಹಳ್ಳಿಗಳಲ್ಲಿ ಬೇರುಬಿಟ್ಟದ್ದು ಮಾಲೀಕನೇ ಸಂಪಾದಕನಾಗಿ, ಊರಿನ ಸುದ್ದಿಯನ್ನೇ ದೊಡ್ಡದೆಂದು ಬಗೆದದ್ದರಿಂದ. ಈ ಎಲ್ಲ ಪ್ರಯೋಗಗಳೂ ನಮ್ಮ ಕಣ್ಣ ಮುಂದಿವೆ.

ಕನ್ನಡದ ಪತ್ರಿಕಾ ಮಾರುಕಟ್ಟೆಯ ಸ್ವರೂಪವನ್ನೇ ಬದಲಿಸಿದ್ದು 1999ರ ಅಕ್ಟೋಬರ್‌ನಲ್ಲಿ ಆರಂಭವಾದ ‘ವಿಜಯ ಕರ್ನಾಟಕ’. ಅದರ ಸ್ಥಾಪಕ ವಿಜಯ ಸಂಕೇಶ್ವರ ಅವರು ಲಾರಿ ಸಾರಿಗೆ ಉದ್ಯಮಿ. ಅದೇ ಹೊತ್ತಿನಲ್ಲಿ ಧಾರವಾಡ ಉತ್ತರ ಕ್ಷೇತ್ರದ ಬಿಜೆಪಿ ಸಂಸದ. ಅವರ ವಿರೋಧಿಗಳು ಹೇಳಿದ್ದನ್ನು ಮಾತ್ರ ಕೇಳಿದರೆ ಅರ್ಧ ಸತ್ಯ ಸಿಗುತ್ತದೆ. ಬೆಲೆ ಇಳಿಸಿ, ಜಿಲ್ಲೆಗಳಲ್ಲಿ ಮುದ್ರಣ ಘಟಕಗಳನ್ನು ತೆರೆದು, ತಮ್ಮ ಸಾರಿಗೆಯ ಅನುಭವವನ್ನು ಬಳಸಿ ಅವರು ಹಿಂದೆಂದೂ ಪತ್ರಿಕೆ ಕೊಳ್ಳದಿದ್ದ ಮನೆಗಳಿಗೆ ಪತ್ರಿಕೆಯನ್ನು ಮುಟ್ಟಿಸಿದರು. ಇತರ ಪತ್ರಿಕೆಗಳೂ ಅನಿವಾರ್ಯವಾಗಿ ಬೆಲೆ ಇಳಿಸಿದವು. ಹೊಸ ಓದುಗರು ಹುಟ್ಟಿದರು. ಅರ್ಥಶಾಸ್ತ್ರದ ಪಠ್ಯದಲ್ಲಿ ಇದನ್ನು ಪೈಪೋಟಿಯ ಫಲವೆಂದು ಮೆಚ್ಚುತ್ತೇವೆ. ಸಂಸದರು 2004ರ ಚುನಾವಣೆಯ ಹೊತ್ತಿಗೆ ತಮ್ಮದೇ ‘ಕನ್ನಡ ನಾಡು’ ಪಕ್ಷವನ್ನೂ ಕಟ್ಟಿದ್ದರು. ಆ ಪಕ್ಷ ಮೇಲೇಳಲಿಲ್ಲ. ಬೃಹತ್ ಪ್ರಸಾರದ ಪತ್ರಿಕೆ ಕೈಯಲ್ಲಿದ್ದರೂ ಮತದಾರನನ್ನು ಕೊಂಡೊಯ್ಯಲಾಗಲಿಲ್ಲವೆಂಬುದು 1906ರ ಹರ್ಸ್ಟ್ ಅವರ ಸೋಲಿನ ಕನ್ನಡ ಆವೃತ್ತಿ. 2006ರಲ್ಲಿ ಆ ಪತ್ರಿಕೆ ಟೈಮ್ಸ್ ಆಫ್ ಇಂಡಿಯಾ ಸಮೂಹದ ಬೆನೆಟ್ ಕೋಲ್ಮನ್ ಕಂಪನಿಗೆ ಮಾರಾಟವಾಯಿತು. 2012ರಲ್ಲಿ ಸಂಕೇಶ್ವರ ಅವರು ‘ವಿಜಯವಾಣಿ’ಯೊಂದಿಗೆ ಮತ್ತೆ ಕಣಕ್ಕಿಳಿದರು.

ಮಾರಾಟವಾದ ಮರುದಿನವೂ ನಮ್ಮೂರಿಗೆ ಅದೇ ಹೆಸರಿನ ಪತ್ರಿಕೆ ಅದೇ ಹೊತ್ತಿಗೆ ಬಂತು. ಒಡೆಯ ಬದಲಾದದ್ದು ಬೆಂಚಿನ ಮೇಲಿದ್ದ ಓದುಗರಲ್ಲಿ ಹೆಚ್ಚಿನವರಿಗೆ ತಿಳಿಯಲೇ ಇಲ್ಲ. ಮನೆಯ ಹಾಲಿನವನು ಬದಲಾದರೆ ಗೃಹಿಣಿ ವಿಚಾರಿಸುತ್ತಾಳೆ. ಲಕ್ಷಾಂತರ ಜನರ ಬೆಳಗಿನ ವಿಚಾರವನ್ನು ಪೂರೈಸುವ ಮನೆ ಕೈಬದಲಾದಾಗ ನಾವು ವಿಚಾರಿಸಲಿಲ್ಲ. ‘ಕನ್ನಡಪ್ರಭ’ವೂ ಎಕ್ಸ್‌ಪ್ರೆಸ್ ಮನೆತನದಿಂದ ಮುಂದೆ ಉದ್ಯಮಿ ರಾಜೀವ್ ಚಂದ್ರಶೇಖರ್ ಅವರ ಸಮೂಹದ ತೆಕ್ಕೆಗೆ ಬಂತು. ಅವರು 2006ರಿಂದ 2024ರವರೆಗೆ ರಾಜ್ಯಸಭೆಯಲ್ಲಿ ಕರ್ನಾಟಕವನ್ನು ಪ್ರತಿನಿಧಿಸಿದವರು, ಕೇಂದ್ರದಲ್ಲಿ ಸಚಿವರೂ ಆಗಿದ್ದವರು. ದೃಶ್ಯಮಾಧ್ಯಮದಲ್ಲಂತೂ ಮುಸುಕೂ ಉಳಿಯಲಿಲ್ಲ. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿಯವರ ಕುಟುಂಬದ ‘ಕಸ್ತೂರಿ’ ವಾಹಿನಿ ಬಂತು. ಬಳ್ಳಾರಿಯ ಗಣಿ ವಿವಾದದ ವರ್ಷಗಳಲ್ಲಿ ಗಣಿಧಣಿಗಳ ಬಣದ ‘ಜನಶ್ರೀ’ ಬಂತು. ನೆರೆಯ ಆಂಧ್ರದಲ್ಲಿ ರಾಮೋಜಿರಾವ್ ಅವರ ‘ಈನಾಡು’ ಎನ್.ಟಿ. ರಾಮರಾವ್ ಅವರ ಏಳಿಗೆಗೆ ಬೆನ್ನೆಲುಬಾಗಿ ನಿಂತದ್ದನ್ನೂ, 2008ರಲ್ಲಿ ಜಗನ್‌ಮೋಹನ ರೆಡ್ಡಿಯವರು ‘ಸಾಕ್ಷಿ’ಯನ್ನು ಎದುರು ನಿಲ್ಲಿಸಿದ್ದನ್ನೂ ಕಂಡ ಮೇಲೆ ಕರ್ನಾಟಕ ಈ ಹಾದಿ ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ಇಷ್ಟಾದರೂ ಮಾಲೀಕನು ಬೆರಳು ತೋರಿದ ಕಡೆಗೆ ಜನ ಮತ ಹಾಕುವುದಿಲ್ಲ. ನಮ್ಮ ಹುಣಸೂರು ಸೀಮೆಯ ದೇವರಾಜ ಅರಸರನ್ನೇ ನೋಡಿ. 1974ರ ಭೂಸುಧಾರಣೆಯಿಂದ ಭೂಮಿ ಪಡೆದ ಗೇಣಿದಾರರಲ್ಲಿ ಬಹುಮಂದಿಗೆ ಪತ್ರಿಕೆ ಓದಲು ಬರುತ್ತಿರಲಿಲ್ಲ. ಪತ್ರಿಕೆ ತರಿಸುತ್ತಿದ್ದುದು ಭೂಮಿ ಕಳೆದುಕೊಂಡವರ ಮನೆಗಳಿಗೆ. ಹಾವನೂರು ಆಯೋಗದ ವರದಿ 1975ರಲ್ಲಿ ಬಂದಾಗ ಓದುಬರಹ ಬಲ್ಲ ಪ್ರಬಲ ವರ್ಗಗಳಿಂದ ಕಟುವಾದ ವಿರೋಧ ವ್ಯಕ್ತವಾಯಿತು. 1978ರ ಚುನಾವಣೆಯಲ್ಲಿ ಅರಸರು ಭಾರಿ ಬಹುಮತದಿಂದ ಮರಳಿದರು. ಬದುಕಿನಲ್ಲಿ ತಾನೇ ಅನುಭವಿಸಿದ್ದರ ಬಗ್ಗೆ ಜನರ ತೀರ್ಮಾನವನ್ನು ಯಾವ ಪತ್ರಿಕೆಯೂ ಬದಲಿಸಲಾರದು. ರೂಸ್‌ವೆಲ್ಟ್ ಅವರ 1936ರ ಗೆಲುವಿನ ಅರ್ಥವೂ ಇದೇ.

ಹಾಗಿದ್ದರೆ ಪ್ರಭಾವ ಎಲ್ಲಿದೆ? ಜನ ಸ್ವತಃ ಕಾಣಲಾಗದ ವಿಷಯಗಳಲ್ಲಿದೆ. ಯಾವುದು ಸುದ್ದಿ, ಯಾವುದು ಸುದ್ದಿಯಲ್ಲ, ಯಾವ ಪ್ರಶ್ನೆಯನ್ನು ಕೇಳಲೇಬಾರದು ಎಂಬ ಆಯ್ಕೆಯಲ್ಲಿದೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಹಲವು ವರ್ಷಗಳ ಹಿಂದೆ ಬೇರೊಂದು ಜಿಲ್ಲೆಯಲ್ಲಿ ಉಪವಿಭಾಗಾಧಿಕಾರಿಯಾಗಿದ್ದಾಗ ಗೋಮಾಳದ ಒತ್ತುವರಿಯ ಕಡತವೊಂದು ನನ್ನ ಮೇಜಿಗೆ ಬಂತು. ಒತ್ತುವರಿ ಮಾಡಿದ್ದವರು ಪತ್ರಿಕೆಯೊಂದರ ಮಾಲೀಕರ ಹತ್ತಿರದವರು. ದಾಖಲೆ ಸ್ಪಷ್ಟವಾಗಿತ್ತು, ಸರ್ವೆ ನಕ್ಷೆಯಲ್ಲಿ ಗೊಂದಲವಿರಲಿಲ್ಲ. ತೆರವಿನ ಆದೇಶಕ್ಕೆ ಸಹಿ ಮಾಡುವುದಷ್ಟೇ ಬಾಕಿ. ಮಾಲೀಕರು ನನ್ನನ್ನು ಬೆದರಿಸಲಿಲ್ಲ. ಒಂದು ಸಂಜೆ ದೂರವಾಣಿಯಲ್ಲಿ ಕುಶಲ ವಿಚಾರಿಸಿ, ‘ನಿಮ್ಮ ಕೆಲಸದ ಬಗ್ಗೆ ಒಂದು ಲೇಖನ ಮಾಡಿಸಬೇಕೆಂದಿದ್ದೇವೆ’ ಎಂದರು. ಅಷ್ಟೇ. ಲೇಖನ ಹೊಗಳಿಕೆಯದೋ ತೆಗಳಿಕೆಯದೋ ಎಂಬುದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಆ ಕಡತ ಎಂಟು ತಿಂಗಳು ನನ್ನ ಬಳಿಯೇ ಉಳಿಯಿತು. ಅಷ್ಟರಲ್ಲಿ ನನಗೆ ವರ್ಗವಾಯಿತು. ಆ ಹಳ್ಳಿಯವರು ದನ ಮೇಯಿಸುವ ಜಾಗಕ್ಕಾಗಿ ನನ್ನ ಕಚೇರಿಗೆ ಮೂರು ಬಾರಿ ಬಂದು ಹೋಗಿದ್ದರು. ಪತ್ರಿಕೆಯಲ್ಲಿ ಒಂದಕ್ಷರವೂ ಅಚ್ಚಾಗಲಿಲ್ಲ. ಅಚ್ಚಾಗಬಹುದೆಂಬ ಯೋಚನೆಯೇ ಕೆಲಸ ಮುಗಿಸಿತ್ತು. ತಪ್ಪು ನನ್ನದು, ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ. ಆದರೆ ಪತ್ರಿಕಾ ಒಡೆತನದ ಅಧಿಕಾರ ಓದುಗನಿಗಿಂತ ಮೊದಲು ಯಾರನ್ನು ಮುಟ್ಟುತ್ತದೆ ಎಂಬುದನ್ನು ಅಂದು ತಿಳಿದೆ. ಅದು ಅಧಿಕಾರಿಯನ್ನೂ ಮಂತ್ರಿಯನ್ನೂ ಮುಟ್ಟುತ್ತದೆ. ಪ್ರಕಟವಾದದ್ದನ್ನು ಅಳೆಯಬಹುದು; ಪ್ರಕಟವಾಗದೇ ಉಳಿದದ್ದಕ್ಕೆ ಯಾವ ಅಳತೆಗೋಲೂ ಇಲ್ಲ.

ಈ ಸ್ಥಿತಿಗೆ ಆರ್ಥಿಕ ಕಾರಣವೊಂದಿದೆ. ಬೆಳಿಗ್ಗೆ ನಮ್ಮ ಕೈಗೆ ಬರುವ ಪತ್ರಿಕೆಯ ಕಾಗದ, ಶಾಯಿ, ಸಾಗಣೆ, ಏಜೆಂಟರ ಕಮಿಷನ್, ವರದಿಗಾರರ ಸಂಬಳ ಎಲ್ಲ ಸೇರಿದ ವೆಚ್ಚ ನಾವು ಕೊಡುವ ಬೆಲೆಗಿಂತ ಹೆಚ್ಚು. ಉಳಿದದ್ದನ್ನು ಜಾಹೀರಾತುದಾರ ಭರಿಸುತ್ತಾನೆ. ಅಲ್ಲಿಗೆ ಓದುಗ ಗಿರಾಕಿಯಾಗಿ ಉಳಿಯದೆ ಜಾಹೀರಾತುದಾರನಿಗೆ ಮಾರುವ ಸರಕಾಗುತ್ತಾನೆ. ಜಾಹೀರಾತುದಾರರಲ್ಲಿ ದೊಡ್ಡವನು ಸರ್ಕಾರ. ಯಾವ ಪತ್ರಿಕೆಗೆ ಎಷ್ಟು ಸರ್ಕಾರಿ ಜಾಹೀರಾತು ಎಂಬುದು ಆಳುವವರ ಕೈಯಲ್ಲಿರುವ ಕಡಿವಾಣ. ಇನ್ನೂ ನಷ್ಟವಾದರೆ ಅದನ್ನು ತುಂಬುವವನು ಬೇರೆ ಉದ್ಯಮವುಳ್ಳ ಮಾಲೀಕ. ನಷ್ಟದ ಪತ್ರಿಕೆಯನ್ನು ವರ್ಷಾನುಗಟ್ಟಲೆ ಸಾಕುವ ಉದ್ಯಮಿಗೆ ಅದರಿಂದ ಬೇರಾವುದೋ ಲಾಭವಿರಬೇಕೆಂದು ಊಹಿಸಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ಅಗ್ಗದ ಪತ್ರಿಕೆಗಾಗಿ ಸಂತೋಷಪಟ್ಟ ನಾವು ಆ ಉಳಿತಾಯದ ಬೆಲೆಯನ್ನು ಬೇರೆಡೆ ತೆತ್ತಿದ್ದೇವೆ.

ಇದರ ಅತಿರೇಕವೇ ‘ಕಾಸಿಗಾಗಿ ಸುದ್ದಿ’. 2009ರ ಚುನಾವಣೆಗಳ ನಂತರ ಭಾರತೀಯ ಪತ್ರಿಕಾ ಮಂಡಳಿ ನೇಮಿಸಿದ ಇಬ್ಬರು ಸದಸ್ಯರ ಉಪಸಮಿತಿ, ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ, ಸುದ್ದಿಯ ವೇಷದಲ್ಲಿ ಜಾಹೀರಾತು ಮಾರುವ ಪದ್ಧತಿಯನ್ನು 2010ರಲ್ಲಿ ಹೆಸರು ಸಹಿತ ದಾಖಲಿಸಿತು. ಮಂಡಳಿ ಆ ಪೂರ್ಣ ವರದಿಯನ್ನು ಪ್ರಕಟಿಸಲು ಹಿಂಜರಿಯಿತು. ಕೇಂದ್ರ ಮಾಹಿತಿ ಆಯೋಗದ ಆದೇಶದ ನಂತರ 2011ರಲ್ಲಿ ಅದು ಬೆಳಕು ಕಂಡಿತು. ಎಲ್ಲರ ಗುಟ್ಟನ್ನೂ ಬಯಲಿಗೆಳೆಯುವ ಉದ್ಯಮ ತನ್ನ ಗುಟ್ಟನ್ನು ಮಾಹಿತಿ ಹಕ್ಕಿನಿಂದ ಹೊರತೆಗೆಸಿಕೊಳ್ಳಬೇಕಾಯಿತು.

ನಮ್ಮ ಭಾಗದವರ ಪಾಲಿಗೆ ಇನ್ನೊಂದು ನಷ್ಟವೂ ಇದೆ. ಪ್ರತಿ ಜಿಲ್ಲೆಗೂ ಪ್ರತ್ಯೇಕ ಆವೃತ್ತಿ, ಪ್ರತ್ಯೇಕ ಪುಟ ಬಂದ ಮೇಲೆ ನಮ್ಮೂರಿನ ಸುದ್ದಿಗೆ ಜಾಗ ಸಿಕ್ಕಿತೆಂದು ಹಿಗ್ಗಿದೆವು. ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ದರ ಕುಸಿದು ರೈತರು ಹರಾಜು ನಿಲ್ಲಿಸಿದರೆ ಆ ಸುದ್ದಿ ಮೈಸೂರು ಆವೃತ್ತಿಯಲ್ಲಿ ದೊಡ್ಡದಾಗಿಯೇ ಬರುತ್ತದೆ. ಅದನ್ನು ಓದುವವರು ಹುಣಸೂರು, ಪಿರಿಯಾಪಟ್ಟಣದವರು. ಅಂದರೆ ಅದನ್ನು ಆಗಲೇ ಅನುಭವಿಸಿದವರು. ತೀರ್ಮಾನ ಕೈಗೊಳ್ಳುವವರು ಬೆಂಗಳೂರಿನಲ್ಲಿ ಬೇರೆ ಪುಟ ಓದುತ್ತಿರುತ್ತಾರೆ. ಎಚ್.ಡಿ. ಕೋಟೆಯ ಆನೆ ಹಾವಳಿ ಕೋಟೆಗೇ ಸೀಮಿತ, ರಾಯಚೂರಿನ ಬರ ರಾಯಚೂರಿಗೇ ಸೀಮಿತ. ಜಾಹೀರಾತಿನ ಅನುಕೂಲಕ್ಕಾಗಿ ಮಾಡಿದ ಈ ವಿಂಗಡಣೆ, ನಾಡು ಒಟ್ಟಾಗಿ ಒಂದೇ ವಿಷಯವನ್ನು ಯೋಚಿಸುವುದನ್ನು ಸದ್ದಿಲ್ಲದೆ ತಪ್ಪಿಸಿದೆ. ಯಾವ ಮಾಲೀಕನೂ ಇದನ್ನು ದುರುದ್ದೇಶದಿಂದ ಮಾಡಿದ್ದಲ್ಲ. ಆದರೆ ಬೆಂಗಳೂರಿನ ಮೇಲ್ಸೇತುವೆ ಇಡೀ ನಾಡಿನ ಸುದ್ದಿಯಾಗುವುದೂ ಬಿಳಿಕೆರೆಯ ಹೊಗೆಸೊಪ್ಪಿನ ಬ್ಯಾರನ್‌ಗೆ ಬಿದ್ದ ಬೆಂಕಿ ಆಗದಿರುವುದೂ ಇದೇ ಲೆಕ್ಕಾಚಾರದ ಫಲ.

ಪರಿಹಾರವೇನು? ಹಿಂದೆ ಪ್ರಯತ್ನಿಸಿದ್ದನ್ನು ಮೊದಲು ನೋಡೋಣ. ಮೊದಲ ಪತ್ರಿಕಾ ಆಯೋಗದ ಸಲಹೆಯಂತೆ 1956ರಲ್ಲಿ ಪತ್ರಿಕೆಗಳ ಬೆಲೆಗೂ ಪುಟಗಳ ಸಂಖ್ಯೆಗೂ ನಂಟು ಹಾಕುವ ಕಾನೂನು ಬಂತು. ಹಣವಂತ ಪತ್ರಿಕೆ ಕಡಿಮೆ ಬೆಲೆಗೆ ಹೆಚ್ಚು ಪುಟ ಕೊಟ್ಟು ಸಣ್ಣ ಪತ್ರಿಕೆಯನ್ನು ಮುಗಿಸದಿರಲಿ ಎಂಬುದು ಅದರ ಆಶಯ. ‘ಸಕಾಳ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿ ಆ ಕಾನೂನನ್ನು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ರದ್ದುಪಡಿಸಿತು. ಬೆಲೆಯನ್ನು ಸರ್ಕಾರ ಗೊತ್ತುಮಾಡುವ ದಾರಿ ಅಲ್ಲಿಗೆ ಮುಚ್ಚಿತು. ಮುಚ್ಚಿದ್ದು ಒಳ್ಳೆಯದೇ ಆಯಿತೆಂದು ನನ್ನ ಭಾವನೆ. ಮುಂದೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2009ರಲ್ಲೂ 2014ರಲ್ಲೂ ಮಾಧ್ಯಮ ಒಡೆತನದ ಬಗ್ಗೆ ಶಿಫಾರಸು ಮಾಡಿತು. ರಾಜಕೀಯ ಪಕ್ಷಗಳು ವಾಹಿನಿಗಳನ್ನು ನಡೆಸಬಾರದು, ಒಂದೇ ಭಾಷೆಯ ಮಾರುಕಟ್ಟೆಯಲ್ಲಿ ಪತ್ರಿಕೆ ಮತ್ತು ವಾಹಿನಿ ಎರಡರ ಮೇಲೂ ಒಬ್ಬರದೇ ಪ್ರಾಬಲ್ಯ ಇರಬಾರದು ಎಂಬುದು ಅದರ ಸಾರ. ಎಲ್ಲ ಪಕ್ಷಗಳಿಗೂ ಅನ್ವಯಿಸುವ ಈ ಮಾತನ್ನು ಎಲ್ಲ ಪಕ್ಷಗಳ ಸರ್ಕಾರಗಳೂ ಬದಿಗಿಟ್ಟವು, ಅದು ಕಾನೂನಾಗಲಿಲ್ಲ. ಅಮೆರಿಕವೂ ಪತ್ರಿಕೆ ಮತ್ತು ಪ್ರಸಾರ ಕೇಂದ್ರವನ್ನು ಒಂದೇ ಊರಿನಲ್ಲಿ ಒಬ್ಬರೇ ಹೊಂದಬಾರದೆಂದು 1975ರಲ್ಲಿ ತಂದ ನಿಯಮವನ್ನು 2017ರಲ್ಲಿ ಕೈಬಿಟ್ಟಿತು.

ನಾನು ಹೆಚ್ಚು ನಂಬುವುದು ನಿಷೇಧಕ್ಕಿಂತ ಬಹಿರಂಗವನ್ನು. 1956ರ ಪತ್ರಿಕಾ ನೋಂದಣಿ ನಿಯಮಗಳ ನಮೂನೆ 4ರಂತೆ ಪ್ರತಿ ವರ್ಷ ಫೆಬ್ರುವರಿ ಮುಗಿದ ನಂತರದ ಮೊದಲ ಸಂಚಿಕೆಯಲ್ಲಿ ಮಾಲೀಕರ ಹೆಸರು, ಶೇ 1ಕ್ಕಿಂತ ಹೆಚ್ಚು ಬಂಡವಾಳ ಹೊಂದಿದವರ ವಿವರ ಪ್ರಕಟಿಸುವುದು ಕಡ್ಡಾಯವಾಗಿತ್ತು. ಒಳಪುಟದ ಮೂಲೆಯಲ್ಲಿ, ಭೂತಗನ್ನಡಿ ಬೇಕಾಗುವ ಅಕ್ಷರಗಳಲ್ಲಿ ಅದು ಬರುತ್ತಿತ್ತು. ಅಲ್ಲಿ ಕಾಣುವುದು ಕಂಪನಿಗಳ ಹೆಸರು. ಆ ಕಂಪನಿಯ ಹಿಂದಿನ ಕಂಪನಿ ಯಾವುದು, ಅದರ ಗಣಿ, ಕಾಲೇಜು, ಬಡಾವಣೆ, ಕಾರ್ಖಾನೆ ಯಾವುದು ಎಂಬುದು ತಿಳಿಯುವುದಿಲ್ಲ. 1867ರ ಹಳೆಯ ಕಾನೂನಿನ ಜಾಗದಲ್ಲಿ ಹೊಸ ಪತ್ರಿಕಾ ನೋಂದಣಿ ಕಾನೂನು 2024ರ ಮಾರ್ಚ್ 1ರಿಂದ ಜಾರಿಯಾಗಿದೆ. ನೋಂದಣಿಯನ್ನು ಸರಳಗೊಳಿಸುವುದರ ಜೊತೆಗೆ ಒಡೆತನವನ್ನು ಓದುಗನಿಗೆ ಅರ್ಥವಾಗುವಂತೆ ತಿಳಿಸಲು ಅದನ್ನು ಬಳಸಿಕೊಳ್ಳಬಹುದು.

ಮೂರು ಕೆಲಸಗಳು ಕಷ್ಟಸಾಧ್ಯವೇನಲ್ಲ. ಮಾಲೀಕರ ಇತರ ಉದ್ಯಮಗಳಿಗೂ ರಾಜಕೀಯ ಸ್ಥಾನಮಾನಗಳಿಗೂ ಸಂಬಂಧಿಸಿದ ಸುದ್ದಿ ಬಂದಾಗಲೆಲ್ಲ, ಸುದ್ದಿಯ ಕೆಳಗೆ ಆ ಸಂಬಂಧವನ್ನು ಒಂದು ಸಾಲಿನಲ್ಲಿ ತಿಳಿಸುವುದು ಮೊದಲನೆಯದು. ರಾಜ್ಯ ವಾರ್ತಾ ಇಲಾಖೆ ಯಾವ ಪತ್ರಿಕೆಗೆ, ಯಾವ ವಾಹಿನಿಗೆ ಎಷ್ಟು ಜಾಹೀರಾತು ಹಣ ಕೊಟ್ಟಿತೆಂಬುದನ್ನು ಯಾರೂ ಅರ್ಜಿ ಹಾಕದೆಯೇ ಮೂರು ತಿಂಗಳಿಗೊಮ್ಮೆ ಪ್ರಕಟಿಸುವುದು ಎರಡನೆಯದು. ಮೂರನೆಯದು ಓದುಗರಾದ ನಮ್ಮದು. ಪತ್ರಿಕೆಗೆ ಅದರ ನಿಜವಾದ ಬೆಲೆಯನ್ನು ಕೊಡಲು ನಾವು ಸಿದ್ಧರಿರಬೇಕು. ಎರಡು ಕಪ್ ಟೀಗೆ ಕೊಡುವಷ್ಟನ್ನು ಪತ್ರಿಕೆಗೆ ಕೊಡಲು ಗೊಣಗುವ ಸುಶಿಕ್ಷಿತ ವರ್ಗಕ್ಕೆ ಸ್ವತಂತ್ರ ಪತ್ರಿಕೆಯನ್ನು ಕೇಳುವ ನೈತಿಕ ಹಕ್ಕು ಕಡಿಮೆ.

ಓದುಗ ಎಚ್ಚೆತ್ತರೆ ಏನಾಗಬಹುದೆಂಬುದಕ್ಕೆ ಇತ್ತೀಚಿನ ನಿದರ್ಶನವಿದೆ. ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯನ್ನು ಅಮೆಜಾನ್ ಸಂಸ್ಥಾಪಕ ಜೆಫ್ ಬೆಜೋಸ್ 2013ರಲ್ಲಿ 25 ಕೋಟಿ ಡಾಲರ್‌ಗೆ ಕೊಂಡಿದ್ದರು. 2024ರ ಅಧ್ಯಕ್ಷೀಯ ಚುನಾವಣೆಗೆ ಕೆಲವೇ ದಿನಗಳಿದ್ದಾಗ, ಅಭ್ಯರ್ಥಿಯೊಬ್ಬರನ್ನು ಬೆಂಬಲಿಸುವ ದಶಕಗಳ ಪರಿಪಾಠವನ್ನು ಆ ಪತ್ರಿಕೆ ಹಠಾತ್ತನೆ ನಿಲ್ಲಿಸಿತು. ಬೆಂಬಲಿಸದಿರುವುದು ತಪ್ಪೇನಲ್ಲ. ಆದರೆ ಸರ್ಕಾರದ ಗುತ್ತಿಗೆಗಳನ್ನು ಹೊಂದಿದ ಉದ್ಯಮಿಯ ಪತ್ರಿಕೆ ಆ ಗಳಿಗೆಯಲ್ಲಿ ಮೌನ ತಾಳಿದ್ದು ಓದುಗರನ್ನು ಕೆರಳಿಸಿತು. ಕೆಲವೇ ದಿನಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಚಂದಾದಾರರು ಪತ್ರಿಕೆಯನ್ನು ಬಿಟ್ಟರು. ಚಂದಾ ಬಿಟ್ಟದ್ದರಿಂದ ಸಂಕಟ ಅನುಭವಿಸಿದವರು ಬೆಜೋಸ್ ಅವರಿಗಿಂತ ಅಲ್ಲಿನ ವರದಿಗಾರರೇ ಇರಬಹುದು. ಆದರೂ ಒಡೆತನದ ಪ್ರಶ್ನೆಯನ್ನು ಓದುಗರು ಕೇಳಬಲ್ಲರೆಂಬುದು ಸಾಬೀತಾಯಿತು.

ಈ ಮಾತುಗಳನ್ನು ಒಬ್ಬ ಮಾಲೀಕರಿರುವ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆಂಬ ಅರಿವು ನನಗಿದೆ. ಪ್ರಕಟವಾದರೆ ಅದು ಈ ಪತ್ರಿಕೆಗೆ ಗೌರವ. ಆದರೆ ಇಂಥ ಲೇಖನವೊಂದು ಪ್ರಕಟವಾಗುವುದು ದೊಡ್ಡ ಪರೀಕ್ಷೆಯೇನಲ್ಲ. ಮಾಲೀಕರ ಹಿತಕ್ಕೆ ತಾಗುವ ಸುದ್ದಿಯೊಂದು ಹೆಸರು, ಸರ್ವೆ ನಂಬರು ಸಹಿತ ಮುಖಪುಟದಲ್ಲಿ ಬಂದ ದಿನ ಅದು ನಡೆಯುತ್ತದೆ. ಎಲ್ಲ ಪತ್ರಿಕೆಗಳಿಗೂ ಅನ್ವಯಿಸುವ ಮಾತಿದು.

ಹೊಗೆಸೊಪ್ಪಿನ ಆ ರೈತರಿಗೆ ನಾನಿನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಮುಂದಿನ ಬಾರಿ ಸಿಕ್ಕರೆ, ಈ ಪತ್ರಿಕೆಯವರು ಯಾರ ಕಡೆಯವರೆಂದು ಅದರಲ್ಲೇ ಬರೆದಿರಬೇಕಿತ್ತು, ಬರೆಯುವಂತೆ ನಾವೆಲ್ಲ ಸೇರಿ ಕೇಳೋಣ ಎನ್ನುತ್ತೇನೆ. ಎಂಟು ತಿಂಗಳು ಕಡತ ಇಟ್ಟುಕೊಂಡು ಕುಳಿತವನಿಗೆ ಇಷ್ಟಾದರೂ ಹೇಳುವ ಹೊಣೆಯಿದೆ.